ಕಿಟಕಿ ಬದಿಯ ಸ್ಟೂಲು

ನೊರೆ ಇವತ್ತು ಚೆನ್ನಾಗಿ ಬರುತ್ತಿದೆ, ಬಾವಿಯ ನೀರಿಗೆ ಇನ್ನೂ ಕಡಲಿನ ಉಪ್ಪು ಹತ್ತಿಲ್ಲ, ಮಾರ್ಚಿ ದಾಟಿದರೆ ಈ ಸೋಪು ಕಲ್ಲಿನ ಮೇಲೆ ಜಾರುತ್ತದೆಯೇ ಹೊರತು ಒಂದು ಗುಳ್ಳೆ ಏಳುವುದಿಲ್ಲ — ಕುಶಲಾ ಗಂಡನ ಅಂಗಿಯ ಕಾಲರನ್ನು ಒಗೆಯುವ ಕಲ್ಲಿನ ಮೇಲೆ ಹರಡಿ ತಿಕ್ಕಿದಳು, ಎರಡು ಅಂಗಿ ಮುಗಿಯಿತು, ಇನ್ನು ಮಗಳ ಶಾಲೆಯ ನೀಲಿ ಲಂಗ, ಟವೆಲು, ಹೊದಿಕೆ, ಎಲ್ಲದರ ಅಡಿಯಲ್ಲಿ ನರ್ಮದಕ್ಕನ ಸೀರೆ. ಒದ್ದೆ ಸೀರೆ. ಅದನ್ನು ಬೆಳಿಗ್ಗೆ ಬಚ್ಚಲಿನ ಮೂಲೆಯಲ್ಲಿ ಕಂಡಾಗಿನಿಂದ ಇವಳ ಎದೆಯೊಳಗೆ ಒಂದು ಬಗೆಯ ಹಗುರ, ನರ್ಮದಕ್ಕ ಇವತ್ತು ಯಾರೂ ಹೇಳದೆ ತಾನಾಗಿ ಮಿಂದಿದ್ದಾಳೆ, ಇವಳು ಏಳುವ ಮೊದಲೇ ಮಿಂದು, ಬೇರೆ ಸೀರೆ ಉಟ್ಟು, ಒದ್ದೆ ತಲೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದಾಳೆ, ಇಲ್ಲಿಂದ ನೋಡಿದರೆ ಬೆನ್ನು ಕಾಣುತ್ತದೆ, ಐವತ್ತು ವರ್ಷದ ಹೆಂಗಸಿನ ಬೆನ್ನು, ತಿಂಗಳಲ್ಲಿ ಎಷ್ಟು ಕಿರಿದಾಗಿ ಹೋಯಿತು. ಒಂದು ತಿಂಗಳು. ಕರೆದರೆ ಬರುವುದು, ಕೂರಿಸಿದರೆ ಕೂರುವುದು, ಬಡಿಸಿದ್ದರಲ್ಲಿ ನಾಲ್ಕು ತುತ್ತು ಉಂಡು ಬಟ್ಟಲನ್ನು ಬದಿಗೆ ಸರಿಸುವುದು, ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗುವುದು, ಬೀಡಿ ಕಟ್ಟುವ ಗೆರಸೆಯಲ್ಲಿ ಕತ್ತರಿಸಿಟ್ಟ ಎಲೆಗಳು ಒಣಗಿ ಸುರುಳಿಯಾಗಿ ಹೋಗಿವೆ. ಪ್ರಾಯ ಆಯಿತು ಮಾರಾಯ್ತಿ, ಮತ್ತೆಂತ ಅಲ್ಲ, ಎಂದು ನಿನ್ನೆ ಊಟಕ್ಕೆ ಕುಳಿತಾಗ ಗಂಡ ದೇವದಾಸ ಹೇಳಿದ, ಅಕ್ಕನಿಗೆ ಇಲ್ಲಿ ಬೇಜಾರ, ಕಾರ್ಕಳಕ್ಕೆ ಹೋಗಿ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದು ಬರಲಿ, ಗುರುವಾರ ನಾನೇ ಬಿಟ್ಟು ಬರುತ್ತೇನೆ, ಅಂಗಡಿ ಒಂದು ಮಧ್ಯಾಹ್ನ ಬಾಗಿಲು ಹಾಕಿದರೆ ಮುಳುಗುವುದಿಲ್ಲ. ಒಳ್ಳೆಯ ತಮ್ಮ, ಅಕ್ಕನೆಂದರೆ ಪ್ರಾಣ, ಅವನಿಗೆ ಗೊತ್ತಿಲ್ಲ ಅಷ್ಟೆ. ಅಕ್ಕನ ಮಗಳು ಬೇಬಿಯೂ ಒಳ್ಳೆಯವಳೇ, ಆದರೆ ಅವಳೂ ಅವಳ ಗಂಡನೂ ಬೆಳಿಗ್ಗೆ ಒಂಬತ್ತಕ್ಕೆ ಪಾಠ ಮಾಡಲು ಶಾಲೆಗೆ ಹೊರಟರೆ ಬರುವುದು ಸಂಜೆ ಐದಕ್ಕೆ, ಅಷ್ಟು ಹೊತ್ತು ಆ ಹೊಸ ಮನೆಯಲ್ಲಿ ಈ ಬೆನ್ನು ಒಂದೇ, ಗೋಡೆಗೆ ಒರಗಿಕೊಂಡು. ಇದು ಪ್ರಾಯ ಅಲ್ಲ. ಇದು ಎಂತದು ಎಂದು ಈ ಮನೆಯಲ್ಲಿ ಗೊತ್ತಿರುವುದು ಇಬ್ಬರಿಗೆ, ಒಬ್ಬಳು ಅಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಾಳೆ, ಇನ್ನೊಬ್ಬಳು ಇಲ್ಲಿ ಕಾಲರು ತಿಕ್ಕುತ್ತಿದ್ದಾಳೆ. ಆದರೆ ಇವತ್ತು ಮಿಂದಿದ್ದಾಳಲ್ಲ. ಮೀಯುವುದು ಒಳ್ಳೆಯ ಲಕ್ಷಣ, ತನಗೂ ಆಸ್ಪತ್ರೆಯಲ್ಲಿ ಹಾಗೆಯೇ ಆಗಿತ್ತು, ಒಂದು ದಿನ ಬೆಳಿಗ್ಗೆ ಎದ್ದು ನೀರು ಹುಯ್ದುಕೊಳ್ಳಬೇಕೆಂದು ಕಂಡಿತು, ಅದನ್ನು ಕೇಳಿ ನರ್ಮದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಾ, ಬಿಸಿನೀರು ನಾನು ಕೇಳಿ ತರುತ್ತೇನೆ, ಇವತ್ತು ನೀನು ರಾಣಿ, ಎಂದಿದ್ದಳು.

ಲಂಗಕ್ಕೆ ಶಾಯಿಯ ಕಲೆ, ಈ ಹುಡುಗಿ ಪೆನ್ನನ್ನು ಲಂಗಕ್ಕೇ ಒರೆಸುತ್ತಾಳೆ, ಒಂಬತ್ತು ತುಂಬಿತು, ಬುದ್ಧಿ ಇಲ್ಲ — ಒಂಬತ್ತು, ಹಾಗಾದರೆ ಅದೂ ಒಂಬತ್ತು ವರ್ಷದ ಹಿಂದಿನ ಮಾತು, ಎಪ್ಪತ್ತಾರನೆಯ ಇಸವಿ, ಈ ಹುಡುಗಿಗೆ ಮೂರು ತಿಂಗಳು, ದೇವದಾಸ ಬಹರೈನಿಗೆ ಹೋಗಿ ಒಂದು ವರ್ಷ ಆಗಿರಲಿಲ್ಲ. ಮೊದಲು ತನ್ನ ನಿದ್ದೆ ಹೋಯಿತು, ನಿದ್ದೆ ಹೋದದ್ದು ಕಷ್ಟ ಎಂದು ಕಾಣಲೇ ಇಲ್ಲ, ಎಷ್ಟು ಕೆಲಸ ಮಾಡಬಹುದು ಎಂದು ಕಂಡಿತು, ಅಂಗಳ ಗುಡಿಸಿ, ಮತ್ತೆ ಗುಡಿಸಿ, ಮೂರನೆಯ ಸಲ ಗುಡಿಸುವಾಗ ಹಾಡು ಬಂತು, ಹಾಡು ನಿಲ್ಲಲಿಲ್ಲ. ಬಳೆಗಾರ್ತಿಯ ಬುಟ್ಟಿಯನ್ನು ಬುಟ್ಟಿಸಮೇತ ಕೊಂಡದ್ದು, ಮನೆಯ ಹಿತ್ತಾಳೆ ಚೆಂಬುಗಳನ್ನು ಗೇಟಿನ ಹತ್ತಿರ ನಿಂತು ಹಾದುಹೋಗುವವರಿಗೆ ಒಂದೊಂದಾಗಿ ದಾನ ಮಾಡಿದ್ದು, ಹಾಲಿಗೆಂದು ಅಳುವ ಮಗುವಿಗೆ, ತಡೆ, ಪ್ರಪಂಚದ ಕೆಲಸ ಉಂಟು, ಎಂದದ್ದು. ನೆನಪು ಪೂರಾ ಇಲ್ಲ, ಇರುವ ನೆನಪಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಆ ಚೆಂಬುಗಳನ್ನು ನರ್ಮದಕ್ಕ ಒಂದೊಂದೇ ಮನೆಗೆ ಹೋಗಿ, ಜ್ವರದ ತಲೆಯಲ್ಲಿ ಕೊಟ್ಟದ್ದು ಎಂದು ಹೇಳಿ ವಾಪಸು ತಂದಳು, ಹನ್ನೊಂದು ಸಿಕ್ಕಿತು, ಹನ್ನೆರಡನೆಯದನ್ನು ಕೊಡದವಳ ಮನೆಯ ಮದುವೆಗೆ ಹೋಗಿ, ಊಟಕ್ಕೆ ಕುಳಿತು, ನಮ್ಮ ಚೆಂಬಿನಲ್ಲಿ ನೀರು ಎಷ್ಟು ತಂಪು ಅಲ್ವಾ, ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದಳಂತೆ. ಕುಟುಂಬದವರು ಸೇರಿ ದರ್ಶನ ಇಟ್ಟರು, ದೈವದ ಮುಂದೆ ಕೇಳುವ ಎಂದು. ಇಡಲಿ ಎಂದಳು ನರ್ಮದಕ್ಕ, ಬೇಡ ಎನ್ನಲಿಲ್ಲ, ಅವಳಿಗೆ ದೈವವೆಂದರೆ ನಡುಕದ ಭಕ್ತಿ, ನಟನೆ ಅಲ್ಲ. ಆದರೆ ಪಾತ್ರಿಯ ಮೈಮೇಲೆ ದೈವ ಬಂದು, ಸಂಸಾರದ ಕಷ್ಟ ಎಂತದು ಎಂದು ಕೇಳಿದಾಗ, ಕುಟುಂಬದ ಪರವಾಗಿ ಹೇಳಬೇಕಾದ ಹಿರಿಯ ಮಾವಂದಿರು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನರ್ಮದಕ್ಕ ಕೈಮುಗಿದು ಎದ್ದು ನಿಂತಳಂತೆ, ಸ್ವಾಮೀ, ತಾಯಿಗೆ ಜ್ವರ ಬಂದರೆ ಮದ್ದು ಕೊಡುತ್ತೇವೆ, ನೀವು ಬೇಡ ಎಂದದ್ದಿಲ್ಲ, ಈ ತಾಯಿಗೂ ಮದ್ದು ಮಾಡಿಸುತ್ತೇನೆ, ನೀವು ಬೆನ್ನಿಗೆ ಇರುತ್ತೀರಾ ಇಲ್ಲವಾ, ಅಷ್ಟು ಹೇಳಿ. ಹೆಂಗಸು ಎದ್ದು ನಿಂತು ಕೇಳುವುದು! ಮಾವಂದಿರ ಬಾಯಿ ತೆರೆದದ್ದು ತೆರೆದ ಹಾಗೆಯೇ. ದೈವ, ಮದ್ದೂ ಆಗಲಿ, ನಂಬಿಕೆಯೂ ಇರಲಿ, ಬೆನ್ನಿಗೆ ಇದ್ದೇನೆ, ಎಂದಿತು. ಅಷ್ಟು ಸಾಕಾಯಿತು. ದೈವದ ಎದುರು ಆದ ಮಾತಿಗೆ ಕುಟುಂಬದಲ್ಲಿ ಯಾರು ಎದುರಾಡುತ್ತಾರೆ, ಯಾರು ಅದನ್ನು ಹೊರಗೆ ಆಡುತ್ತಾರೆ, ದೇವದಾಸನ ಕಿವಿಗೂ ಬೀಳಲಿಲ್ಲ. ಬೇರೆ ಯಾರಿಗಾದರೂ ಹೊಳೆಯುತ್ತಿತ್ತಾ ಹಾಗೆ ಕೇಳಬೇಕೆಂದು, ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಹೊಳೆಯಿತು.

ಆದರೆ ಯಾವ ಮದ್ದು, ಎಲ್ಲಿಯ ಮದ್ದು. ಆಗ ಈ ಕಾಯಿಲೆಗೆ ಡಾಕ್ಟರ್ ಎಂದರೆ ಯಾರಿಗೆ ಗೊತ್ತಿತ್ತು, ಬಾಗಿಲು ಹಾಕಿ ಕೂಡಿಹಾಕುವ ದೂರದ ಊರಿನ ಆಸ್ಪತ್ರೆಯ ಹೆಸರು ಬೈಗುಳದ ಹಾಗೆ ಬಳಕೆಯಲ್ಲಿತ್ತು ಅಷ್ಟೆ. ನರ್ಮದಕ್ಕ ಬೀಡಿ ಡಿಪೋದ ಸಾಲಿನಲ್ಲಿ ನಿಂತು ವಿಚಾರಿಸಿದಳು, ಉದ್ಯಾವರದ ಮೀನಿನ ಹೆಂಗಸರ ಹತ್ತಿರ ವಿಚಾರಿಸಿದಳು, ನಮ್ಮ ಸಂಬಂಧದ ಒಬ್ಬಳಿಗೆ ಹೀಗೆ, ದೂರದ ಸಂಬಂಧ, ಎಂದು. ಕೊನೆಗೆ ಹೇಳಿದ್ದು ಬೇಲಿಯಾಚೆಯ ಡುಲ್ಸಿನ್ ಬಾಯಿ, ದೂರದ ಸಂಬಂಧ ಎಂದು ನನಗೆ ಹೇಳುವುದು ಬೇಡ ನರ್ಮದಾಬಾಯಿ, ನನಗೂ ಕಿವಿ ಉಂಟು, ಅವಳ ಹಾಡು ನಮ್ಮ ಅಡುಗೆಮನೆಗೆ ಕೇಳುತ್ತದೆ, ನನ್ನ ತಮ್ಮನಿಗೂ ಇದೇ ಆಗಿತ್ತು, ಮಣಿಪಾಲಕ್ಕೆ ಕರಕೊಂಡು ಹೋಗಿ, ಅಲ್ಲಿ ಇದಕ್ಕೇ ಡಾಕ್ಟರ್ ಉಂಟು, ಸಾದಾ ಡಾಕ್ಟರ್, ಹೊಡೆಯುವುದಿಲ್ಲ ಬಡಿಯುವುದಿಲ್ಲ. ಮರುದಿನ ಬೆಳಕು ಹರಿಯುವಾಗ ಊರಿನ ಲೀಲಾಧರನ ಮೀನಿನ ಲಾರಿ. ಬಸ್ಸಿನಲ್ಲಿ ಆಗುತ್ತಿರಲಿಲ್ಲ, ಬಸ್ಸಿನಲ್ಲಾದರೆ ತಾನು ಪ್ರತಿಯೊಬ್ಬರಿಗೂ ಟಿಕೇಟು ತೆಗೆಯಲು ಹೊರಡುತ್ತಿದ್ದಳು. ಡ್ರೈವರಿನ ಪಕ್ಕದಲ್ಲಿ ತಾನು, ಬಾಗಿಲಿನ ಪಕ್ಕದಲ್ಲಿ ನರ್ಮದಕ್ಕ, ಒಂದು ಕೈ ಬಾಗಿಲಿನ ಹಿಡಿಯ ಮೇಲೆ, ಒಂದು ಕೈ ತನ್ನ ಸೊಂಟದ ಸುತ್ತ, ಹಿಂದೆ ಬೂತಾಯಿ ಮೀನಿನ ಪೆಟ್ಟಿಗೆಗಳಿಂದ ಐಸು ಕರಗಿ ತೊಟ್ಟಿಕ್ಕುವುದು. ಈ ಲಾರಿ ಹಳತು, ನಿನಗೆ ಹೊಸದು ಕೊಡಿಸುತ್ತೇನೆ, ಎರಡು ಕೊಡಿಸುತ್ತೇನೆ, ಎಂದು ತಾನು ಲೀಲಾಧರನಿಗೆ ಮಾತು ಕೊಟ್ಟಿದ್ದಳು, ಅವನು, ಅಕ್ಕ, ಇವರು ಎರಡು ಲಾರಿ ಕೊಡಿಸುತ್ತಾರಂತೆ, ಕಾಗದದಲ್ಲಿ ಬರೆಸಿಕೊಳ್ಳಲಾ, ಎಂದು ನರ್ಮದಕ್ಕನನ್ನು ಕೇಳಿದ. ಮೊದಲು ಈ ಲಾರಿಯಲ್ಲಿ ಮಣಿಪಾಲ ತಲುಪಿಸು ಮಾರಾಯ, ಆ ಎರಡರ ಲೆಕ್ಕ ಮತ್ತೆ ನೋಡುವ. ನಗುತ್ತಾ ಹೇಳಿದಳು. ಸೊಂಟದ ಸುತ್ತಲಿನ ಕೈ ಮಣಿಪಾಲದ ತನಕ ಸಡಿಲವಾಗಲಿಲ್ಲ, ಅದು ನೆನಪುಂಟು, ಅದೊಂದು ಸರಿಯಾಗಿ ನೆನಪುಂಟು.

ಹೊದಿಕೆಯನ್ನು ಎರಡು ಮಡಿಕೆ ಮಾಡಿ ಕಲ್ಲಿಗೆ ಬಡಿದಳು, ಬೇಲಿಯ ಮೇಲಿನ ಕಾಗೆ ಹಾರಿತು, ಜಗಲಿಯ ಬೆನ್ನು ಅಲುಗಲಿಲ್ಲ. ಏಳು ವಾರ ಜನರಲ್ ವಾರ್ಡಿನಲ್ಲಿ. ಅದಕ್ಕೆ ದುಡ್ಡು. ದೇವದಾಸನ ಡ್ರಾಫ್ಟು ಬರುತ್ತಿದ್ದದ್ದು ತನ್ನ ಹೆಸರಿಗೆ, ತನ್ನ ಸಹಿ ಆಗ ಸಹಿಯ ಹಾಗೆ ಇರಲಿಲ್ಲ, ಅವನಿಗೆ ಬರೆದು ಕೇಳಿದರೆ ಅವನು ಕೆಲಸ ಬಿಟ್ಟು ಓಡಿ ಬರುತ್ತಾನೆ, ಬಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಾಮಾಲೆ ಎಂದು ಬರೆಸಿದಳು ನರ್ಮದಕ್ಕ, ಹದಿನೈದು ವರ್ಷದ ಬೇಬಿಯ ಕೈಯಲ್ಲಿ, ಬೇಬಿಗೂ ಹಾಗೆಯೇ ಹೇಳಿ, ಮಗುವನ್ನು ಅವಳ ಸೊಂಟಕ್ಕೆ ಕೊಟ್ಟು. ಕಾಮಾಲೆಗೆ ಮಣಿಪಾಲ ಎಂತಕೆ, ನೆಲನೆಲ್ಲಿ ಅರೆದು ಕುಡಿಸಿದರೆ ಆಗುವುದಿಲ್ವಾ, ಎಂದು ಕೇಳಿದವರಿಗೆ, ಇದು ನೆಲನೆಲ್ಲಿಗೆ ಬಗ್ಗದ ಕಾಮಾಲೆ, ಎಂದಳಂತೆ. ಆಸ್ಪತ್ರೆಯ ಹತ್ತಿರದ ಹೋಟೆಲಿನಲ್ಲಿ ಬೆಳಿಗ್ಗೆ ಮೂರು ಗಂಟೆ ಹೊತ್ತು ನೀರುಳ್ಳಿ ಹೆಚ್ಚುವ ಕೆಲಸ ಹಿಡಿದಳು, ಸಂಬಳ ಸ್ವಲ್ಪ, ಆದರೆ ಇಬ್ಬರ ಊಟ ಅಲ್ಲಿಂದ. ಮಿಕ್ಕ ಹೊತ್ತು ವಾರ್ಡಿನ ವರಾಂಡದಲ್ಲಿ ಗೆರಸೆ ಇಟ್ಟುಕೊಂಡು ಬೀಡಿ. ಸಿಸ್ಟರ್ ಪ್ರೆಸಿಲ್ಲಾ ಬಂದು, ಇದು ಆಸ್ಪತ್ರೆ, ಬೀಡಿ ಕಾರ್ಖಾನೆ ಅಲ್ಲ, ಎಂದು ಜೋರು ಮಾಡಿದರೆ, ಕಟ್ಟುವುದು ಮಾತ್ರ ಸಿಸ್ಟರ್, ಸೇದುವುದಿಲ್ಲ, ದೇವರಾಣೆ, ಎಂದಳು, ಸಿಸ್ಟರ್ ನಗು ತಡೆಯಲಾಗದೆ ಆಚೆ ತಿರುಗಿದರು, ಮರುದಿನ ಬಟ್ಟೆ ಒಣಗಿಸುವ ಕೋಣೆಯ ಹಿಂದೆ ಒಂದು ನೆರಳಿನ ಜಾಗ ತೋರಿಸಿದರು, ಡಾಕ್ಟರ್ ರೌಂಡ್ಸಿಗೆ ಬರುವಾಗ ಅಲ್ಲಿ ಕುಳಿತುಕೊಳ್ಳಿ ಎಂದು. ಕಚೇರಿಯ ಹೆಂಗಸಿಗೆ ತನ್ನ ಎರಡು ಅಂಗೈ ತೋರಿಸಿ ಬಿಲ್ಲು ಕಡಿಮೆ ಮಾಡಿಸಿಕೊಂಡಳು, ತಂಬಾಕಿನಿಂದ ಕಂದಾದ ಅಂಗೈ, ಅಳಲಿಲ್ಲ, ಬೇಡಲಿಲ್ಲ, ಇದು ನನ್ನ ಆಸ್ತಿ, ಇದರಲ್ಲಿ ಆಗುವಷ್ಟು ಹೇಳಿ, ಎಂದಳು. ಆ ಡಾಕ್ಟರ್ ಮೈಸೂರಿನ ಕಡೆಯವರು, ಎಳೆ ಮುಖ, ಪ್ರತಿಯೊಂದನ್ನೂ ವಿವರಿಸುವವರು. ಅವರ ಕೋಣೆಯಲ್ಲಿ ಎರಡು ಸ್ಟೂಲು, ಮೇಜಿಗೆ ತಾಗಿಕೊಂಡದ್ದು ಕಾಯಿಲೆಯವರಿಗೆ, ಕಿಟಕಿಯ ಬದಿಯದ್ದು ಜೊತೆಗೆ ಬಂದವರಿಗೆ. ಆಸ್ಪತ್ರೆ ಬಿಟ್ಟು ಬಂದ ಮೇಲೂ ತಿಂಗಳಿಗೊಮ್ಮೆ, ಮತ್ತೆ ಎರಡು ತಿಂಗಳಿಗೊಮ್ಮೆ, ಒಂಬತ್ತು ವರ್ಷ, ಕಾಪುವಿನಿಂದ ಉಡುಪಿ, ಉಡುಪಿಯಿಂದ ಮಣಿಪಾಲ, ತಾನು ಮೇಜಿನ ಬದಿಗೆ, ನರ್ಮದಕ್ಕ ಕಿಟಕಿಯ ಬದಿಗೆ. ನಾನೇ ಹೋಗಿ ಬರುತ್ತೇನೆ ಅಕ್ಕ, ದಾರಿ ಗೊತ್ತುಂಟು, ಎಂದು ಎಷ್ಟು ಸಲ ಹೇಳಿದರೂ, ದಾರಿ ನನಗೂ ಗೊತ್ತುಂಟು, ನಡಿ. ಬೆನ್ನು ನೋವಿರಲಿ, ಮಗಳ ನಿಶ್ಚಿತಾರ್ಥದ ಹಿಂದಿನ ದಿನವೇ ಇರಲಿ, ಒಂದು ಸಲವೂ ತಪ್ಪಿಸಲಿಲ್ಲ. ಮಾತ್ರೆಯ ಖರ್ಚು ಬೀಡಿಯದ್ದು, ಅದನ್ನು ತಮ್ಮನ ದುಡ್ಡಿಗೆ ಸೋಕಿಸಲಿಲ್ಲ. ಎರಡು ವರ್ಷದ ಹಿಂದೆ ಅವನು ಬಹರೈನು ಬಿಟ್ಟು ಬಂದು ಅಂಗಡಿ ಹಾಕಿದ ಮೇಲೂ ಅವನ ಲೆಕ್ಕಕ್ಕೆ ಅದು ರಕ್ತದ ಮಾತ್ರೆ, ಕಾಮಾಲೆ ಆದವರಿಗೆ ರಕ್ತ ಕಡಿಮೆ ಅಲ್ವಾ. ಈ ವಿಷಯ ನಾನು ಸಾಯುವ ತನಕ ನನ್ನ ಬಾಯಿಂದ ಬರುವುದಿಲ್ಲ, ನಿನ್ನ ಬಾಯಿಂದಲೂ ಬರಬಾರದು, ನಾಳೆ ನಿನ್ನ ಮಗಳ ಮದುವೆಗೆ ಹುಡುಕುವಾಗ ಇದನ್ನೇ ಎತ್ತುತ್ತಾರೆ ಜನ, ಎಂದು ನರ್ಮದಕ್ಕ ಅಂದೇ ಮಾತು ತೆಗೆದುಕೊಂಡಿದ್ದಳು.

ಒಂದು ತಪ್ಪು ಮಾಡಿದಳು ನರ್ಮದಕ್ಕ, ಒಂಬತ್ತು ವರ್ಷದಲ್ಲಿ ಒಂದು. ಅದೂ ಅವಳದ್ದಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ತಿಂಗಳು ಕುಶಲಾಳ ತಾಯಿ, ಮಗಳು ಗುಣವಾದರೆ ನಲವತ್ತೆಂಟು ದಿನ ಉಪ್ಪು ಬಿಟ್ಟು ಉಣ್ಣಿಸುತ್ತೇನೆ ಎಂದು ಅಂಬಲಪಾಡಿಯ ಅಮ್ಮನಿಗೆ ಹೇಳಿಕೊಂಡಿದ್ದೇನೆ, ಈಗ ತೀರಿಸಬೇಕು, ಎಂದು ಬಂದು ಕುಳಿತಳು. ತೀರಿಸಬೇಕಾದದ್ದೇ, ನರ್ಮದಕ್ಕ ಒಪ್ಪಿದಳು, ತಾನೇ ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡಿ ಬಡಿಸಿದಳು. ಎಷ್ಟು ಮನೆಗಳಲ್ಲಿ ಎಷ್ಟು ಜನ ಉಪ್ಪು ಬಿಟ್ಟಿಲ್ಲ, ಯಾರಿಗೆ ಎಂತ ಆಗಿದೆ. ಮೂರನೆಯ ವಾರ ಕೈ ನಡುಗಲು ಸುರುವಾಯಿತು, ಲೋಟ ಹಿಡಿದರೆ ನೀರು ಚೆಲ್ಲುವುದು, ವಾಂತಿ, ಕಾಲು ಇಟ್ಟಲ್ಲಿ ನಿಲ್ಲದೆ ಕುಡಿದವರ ಹಾಗೆ ನಡಿಗೆ, ಮಾತು ಬಾಯಲ್ಲೇ ಮುದ್ದೆಯಾಗುವುದು, ಹರಕೆಯಲ್ಲಿ ಎಂತದೋ ಲೋಪ ಆಗಿದೆ ಎಂದು ತಾಯಿ ಅಳುವುದು. ಇಪ್ಪತ್ತೊಂಬತ್ತನೆಯ ದಿನ ನರ್ಮದಕ್ಕ ಟ್ಯಾಕ್ಸಿ ಮಾಡಿ ಎತ್ತಿ ಹಾಕಿಕೊಂಡು ಹೋದಳು, ಡಾಕ್ಟರ್ ರಕ್ತ ತೆಗೆಸಿ ನೋಡಿ, ಉಪ್ಪು ತಿನ್ನುತ್ತಿದ್ದಾರಾ ಎಂದು ಕೇಳಿದರು. ಆ ಮಾತ್ರೆಯೂ ಒಂದು ಜಾತಿಯ ಉಪ್ಪೇ ಅಮ್ಮಾ, ಊಟದ ಉಪ್ಪು ನಿಲ್ಲಿಸಿದರೆ ಮೈ ಇದನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದಿಟ್ಟು ಹಿಡಿದಿಟ್ಟು ವಿಷವಾಗುತ್ತದೆ, ಊಟ ಯಾವಾಗಿನ ಹಾಗೆಯೇ ಇರಲಿ ಎಂದು ಹೇಳಿದ್ದೆನಲ್ಲ. ಹೇಳಿದ್ದರು. ಹರಕೆಯ ಊಟವೂ ಊಟದ ಲೆಕ್ಕಕ್ಕೆ ಬರುತ್ತದೆ ಎಂದು ನರ್ಮದಕ್ಕನಿಗೆ ಹೊಳೆದಿರಲಿಲ್ಲ. ಬಾಟಲಿಯಿಂದ ಉಪ್ಪುನೀರನ್ನೇ ರಕ್ತಕ್ಕೆ ಏರಿಸಿದರು, ನಾಲ್ಕನೆಯ ದಿನ ಕಣ್ಣು ಸರಿಯಾಗಿ ಬಿಟ್ಟಾಗ ಕಂಡದ್ದು ನರ್ಮದಕ್ಕನ ಮುಖ, ಮುಖವಾ ಅದು, ಯಾರೋ ಕಲ್ಲಿಗೆ ಬಡಿದು ಹಿಂಡಿಟ್ಟ ಹಾಗೆ. ಕೈಯಾರೆ ಬಡಿಸಿದೆನಲ್ಲ ಮಾರಾಯ್ತಿ, ಕೈಯಾರೆ. ಅಲ್ಲಿಂದ ಬಂದವಳೇ ನೇರ ಅಂಬಲಪಾಡಿಗೆ ಹೋಗಿ, ಅಮ್ಮಾ, ಅವಳ ಉಪ್ಪು ಅವಳಿಗೆ ಬಿಡು, ಉಳಿದ ಹತ್ತೊಂಬತ್ತು ದಿನ ನಾನು ಮುಗಿಸುತ್ತೇನೆ, ಎಂದು ಹೇಳಿ, ಮುಗಿಸಿದಳು. ಮತ್ತೆ ಪ್ರತಿ ಊಟಕ್ಕೂ, ಉಪ್ಪು ಸರಿ ಉಂಟಾ, ಉಪ್ಪು ಸರಿ ಉಂಟಾ. ಈ ನರ್ಮದೆಗೆ ಅಡುಗೆಯ ಮೇಲೆ ಎಷ್ಟು ಜಂಬ ನೋಡು, ಎಂದು ನೆಂಟರು ನಗುತ್ತಿದ್ದರು. ಈ ಒಂದು ತಿಂಗಳಲ್ಲಿ ಅವಳು ಅದನ್ನು ಒಂದು ಸಲವೂ ಕೇಳಲಿಲ್ಲ.

ನಡುವೆ ಒಮ್ಮೆ ಕೇಳಿ ನೋಡಿದ್ದಾಯಿತು, ಮೊನ್ನೆ ಆದಿತ್ಯವಾರ, ದೇವದಾಸ ಇಲ್ಲದ ಹೊತ್ತು, ಹತ್ತಿರ ಕುಳಿತು, ಅಕ್ಕ, ನಾವು ಡಾಕ್ಟರ ಹತ್ತಿರ ಹೋಗುವ, ನಿಮಗೆ ಇದು ಬೇಜಾರ ಅಲ್ಲ, ಕಾಯಿಲೆ, ನನಗೆ ಗೊತ್ತಾಗುತ್ತದೆ. ನರ್ಮದಕ್ಕ ಗೋಡೆಯ ಕಡೆ ತಿರುಗಿದಳು, ನನಗೆಂತ ಆಗಿದೆ, ನಾನು ನಿನ್ನ ಹಾಗೆ ಅಲ್ಲ. ನಿನ್ನ ಹಾಗೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು, ಸಿಟ್ಟಿನಲ್ಲೂ ಆಡದ್ದು, ಎದ್ದು ಬಂದು ಅಡುಗೆಮನೆಯಲ್ಲಿ ನಿಂತಾಗ ಒಲೆ ಎಲ್ಲಿದೆ ಎಂದು ಒಂದು ಗಳಿಗೆ ಕಾಣಲಿಲ್ಲ. ಆದರೆ ಹಿಂದಿನಿಂದ ಇನ್ನೊಂದು ಮಾತು ಬಂದಿತ್ತು, ಗೋಡೆಗೆ ಹೇಳಿದ ಹಾಗೆ, ನನ್ನ ಮದ್ದಿಗೆ ದುಡ್ಡು ಹಾಕಿದರೆ ನಿನ್ನ ಮಾತ್ರೆ ಯಾರು ತರುವುದು, ನನ್ನ ಕೈ ಈಗ ನಡೆಯುವುದಿಲ್ಲ. ಮೊದಲ ಮಾತನ್ನು ಎರಡು ದಿನದಿಂದ ಅಗಿಯುತ್ತಿದ್ದಾಳೆ ಕುಶಲಾ, ಎರಡನೆಯದನ್ನು ನುಂಗಲು ಆಗುತ್ತಿಲ್ಲ, ಎರಡರ ನಡುವೆ ಮಾಡಿದ್ದು ಏನೂ ಇಲ್ಲ. ದೇವದಾಸನಿಗೆ ಹೇಳಬೇಕೆಂದರೆ, ಇದು ಕಾಯಿಲೆ ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಆಗ ಕಾಮಾಲೆಯ ಕಥೆ ಬಿಚ್ಚಬೇಕು, ಕೊಟ್ಟ ಮಾತು ಮುರಿಯಬೇಕು, ಮಗಳ ಮದುವೆ, ಜನ. ಇವತ್ತಂತೂ ಮಿಂದಿದ್ದಾಳಲ್ಲ, ಗುರುವಾರದ ತನಕ ನೋಡುವ, ಕಾರ್ಕಳದ ಗಾಳಿ ಬೇರೆ, ಬೇಬಿಯ ಮುಖ ನೋಡಿದರೆ ಒಮ್ಮೆ ಸರಿಯಾದರೂ ಆದೀತು — ಎಂತ ಕುಶಲಾ, ಇಷ್ಟು ಬಟ್ಟೆ, ಮದುವೆ ಉಂಟಾ ಮನೆಯಲ್ಲಿ? ಡುಲ್ಸಿನ್ ಬಾಯಿ, ಬೇಲಿಯಾಚೆ, ಕೈಯಲ್ಲಿ ಬಸಳೆಯ ಕಟ್ಟು. ಮದುವೆ ನಿಮ್ಮದೇ ಬಾಯಿ, ಹುಡುಗ ನೋಡಿ ಆಯಿತು, ಎಂದಳು ಕುಶಲಾ. ಹಲ್ಲು ಇರುವವನನ್ನು ನೋಡು ಮಾರಾಯ್ತಿ, ನನಗೂ ಇಲ್ಲ ಅವನಿಗೂ ಇಲ್ಲ ಎಂದರೆ ಮೀನು ತಿನ್ನುವುದು ಯಾರು. ನಕ್ಕಳು, ಮತ್ತೆ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು, ನರ್ಮದಾಬಾಯಿಗೆ ಈಗ ಹೇಗುಂಟು, ನಾನು ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವಾಗ ದೀಪಸ್ತಂಭದ ಹತ್ತಿರ ಕಂಡೆ, ಕಡಲಿನ ಬದಿಗೆ ಹೋಗುತ್ತಿದ್ದರು, ಕರೆದೆ, ತಿರುಗಲಿಲ್ಲ. ಬೆಳಿಗ್ಗೆಯಾ? ಹೌದು, ಇನ್ನೂ ಪೂರ್ತಿ ಬೆಳಕು ಬಿಟ್ಟಿರಲಿಲ್ಲ. ನಡೆಯುವುದು ಒಳ್ಳೆಯದೇ, ಆದರೆ ಒಬ್ಬರೇ ಬಿಡಬೇಡ ಅವರನ್ನು. ಬಸಳೆ ಬೇಕಾ? ಬೇಡ ಬಾಯಿ. ಬೇಕು, ಕೊಡಿ. ಡುಲ್ಸಿನ್ ಬಾಯಿ ಅರ್ಧ ಕಟ್ಟನ್ನು ಬೇಲಿಯ ಮೇಲಿಟ್ಟು ಹೋದಳು.

ನಡೆದು ಬಂದು ಮಿಂದಿದ್ದಾಳೆ, ಹಾಗಿರಬೇಕು. ಬಚ್ಚಲಿನ ಹಂಡೆ ತುಂಬಿದ್ದು ತುಂಬಿದ ಹಾಗೆಯೇ ಇತ್ತಲ್ಲ. ತಣ್ಣೀರಿನಲ್ಲಿ ಮಿಂದಿರಬೇಕು. ಬಾವಿಯ ಕೊಡಪಾನ ಒಣಗಿತ್ತಲ್ಲ, ಮೊದಲ ನೀರು ಸೇದಿದ್ದು ತಾನೇ ಅಲ್ಲವಾ. ಕುಶಲಾ ಟವೆಲುಗಳನ್ನು ಬಿಟ್ಟಳು, ರಾಶಿಯ ಅಡಿಗೆ ಕೈ ಹಾಕಿ ಸೀರೆಯನ್ನು ಎಳೆದಳು, ಮಣ್ಣಿನ ಬಣ್ಣದ ಕೈಮಗ್ಗದ ಸೀರೆ, ಮುದ್ದೆಯಾಗಿ ಭಾರವಾಗಿ ಬಂತು. ಅಂಚಿಗೆ ಮರಳು. ಇರಲಿ, ಕಡಲಿನ ಬದಿಯಲ್ಲಿ ನಡೆದರೆ ಅಂಚಿಗೆ ಮರಳು ಹತ್ತದೆ ಮತ್ತೆಂತ ಹತ್ತುತ್ತದೆ. ಬಕೀಟಿನ ನೀರಿಗೆ ಅಂಚನ್ನು ಅದ್ದಿದಳು, ಕೊಡವಿದಳು, ಮುಂದಕ್ಕೆ ಎಳೆದಳು, ಮೊಣಕಾಲಿನ ಎತ್ತರದ ಭಾಗ, ಅಲ್ಲಿಯೂ ಮರಳು, ಅದ್ದಿದಳು, ತೊಡೆಯ ಎತ್ತರ, ಅದ್ದಿದಳು, ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸುವ ಕಡೆ ಬಟ್ಟೆಗೆ ಖಾಯಂ ಮಡಿಕೆ ಬಿದ್ದಿದೆ, ಆ ಮಡಿಕೆಗಳ ಒಳಗೆ, ಒಂದೊಂದು ಮಡಿಕೆಯ ಒಳಗೂ, ನುಣ್ಣಗಿನ ಬೂದು ಮರಳು, ತೆರೆ ತಂದು ಒತ್ತಿ ತುಂಬಿದ ಹಾಗೆ. ದಡದಲ್ಲಿ ನಡೆದವಳ ಸೊಂಟಕ್ಕೆ ಮರಳು ಏರುವುದಿಲ್ಲ. ಒಂದು ತೆರೆಯಲ್ಲಿ ಏರುವುದಿಲ್ಲ, ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಲ್ಲಬೇಕು, ಸೊಂಟದ ತನಕ ನೀರಿಗೆ ಇಳಿದು ಬಹಳ ಹೊತ್ತು ನಿಲ್ಲಬೇಕು. ನರ್ಮದಕ್ಕ ನಿಂತಿದ್ದಳು. ಮತ್ತೆ ತಿರುಗಿ ಬಂದಳು, ಯಾಕೆ ತಿರುಗಿದಳು, ಮಾತ್ರೆ ಯಾರು ತರುವುದು ಎಂದು ತಿರುಗಿದಳಾ, ಬಂದು, ಬಾಗಿಲು ಸದ್ದಾಗದ ಹಾಗೆ ತೆಗೆದು, ಬೇರೆ ಸೀರೆ ಉಟ್ಟು, ಕಂಬಕ್ಕೆ ಒರಗಿದಳು, ಅದನ್ನು ನೋಡಿ ತಾನು ಬೆಳಿಗ್ಗೆಯಿಂದ ಸಂತೋಷಪಟ್ಟದ್ದು, ದೇವರೇ, ಚಾ ಕೊಡುವಾಗ ನಕ್ಕದ್ದು. ಬಕೀಟಿನ ಅಡಿಯಲ್ಲಿ ಮರಳು ಕೂರುತ್ತಿದೆ, ನೀರು ಮೇಲೆ ತಿಳಿಯಾಗುತ್ತಿದೆ.

ಗುರುವಾರ ಅಲ್ಲ. ಇವತ್ತು. ಕುಶಲಾ ನೆಟ್ಟಗೆ ನಿಂತಳು, ಕೈಯಿಂದ ನೊರೆ ಇಳಿಯುತ್ತಿತ್ತು, ಗಂಟೆ ಎಂಟೂವರೆ ಇರಬಹುದು. ಅಂಗಡಿಯಲ್ಲಿ ದೇವದಾಸನಿಗೆ, ಅಕ್ಕನನ್ನು ನಾನೇ ಇವತ್ತು ಬೇಬಿಯ ಮನೆಗೆ ಬಿಟ್ಟು ಬರುತ್ತೇನೆ, ನೀವು ಅಂಗಡಿ ಮುಚ್ಚುವುದು ಬೇಡ, ಎಂದು ಹೇಳುವುದು. ಸಂತೋಷವೇ ಪಡುತ್ತಾನೆ. ಮಗಳು ಶಾಲೆ ಬಿಟ್ಟು ಬಂದರೆ ಡುಲ್ಸಿನ್ ಬಾಯಿಯ ಮನೆಯಲ್ಲಿ ಇರಲಿ. ಉಡುಪಿಯಲ್ಲಿ ಕಾರ್ಕಳದ ಬಸ್ಸೇ ಹತ್ತುವುದು, ಸುಳ್ಳು ಯಾಕೆ, ಬೋರ್ಡು ನೋಡಿ ನರ್ಮದಕ್ಕನೂ ಹತ್ತುತ್ತಾಳೆ, ಕಾರ್ಕಳದ ಬಸ್ಸು ಹೋಗುವುದು ಮಣಿಪಾಲದ ಮೇಲೆಯೇ ಅಲ್ಲವಾ. ಅದಕ್ಕೆ ಮೊದಲು ಉಡುಪಿಯಲ್ಲೇ ಕಡಿಯಾಳಿಯ ಬ್ಯಾಂಕಿನಲ್ಲಿ ಈ ಎರಡು ಬಳೆ ಅಡವು, ಬಹರೈನಿನ ಬಳೆ, ಸೋಪು ಹತ್ತಿದ ಕೈಯಿಂದ ಈಗಲೇ ಜಾರಿ ಬರುವಷ್ಟು ಸಡಿಲ, ಬಳೆ ಎಲ್ಲಿ ಎಂದು ಕೇಳಿದ ದಿನ ಕೇಳಿದ್ದಕ್ಕೆ ಉತ್ತರ ಕೊಟ್ಟರಾಯಿತು. ಮುಂದಿನ ತಿಂಗಳಿಗೆ ಬೀಡಿ ಡಿಪೋದ ಕಾರ್ಡು ತನ್ನ ಹೆಸರಿಗೆ ಬರೆಸಬೇಕು, ಬೆರಳು ಕಲಿಯುತ್ತದೆ, ನೋಡಿ ನೋಡಿ ಅರ್ಧ ಕಲಿತಾಗಿದೆ. ಮಣಿಪಾಲದಲ್ಲಿ, ಡಾಕ್ಟರ ಹತ್ತಿರ ಹೋಗುವ ಎಂದರೆ ನರ್ಮದಕ್ಕ ಬಸ್ಸಿನಿಂದ ಇಳಿಯುವುದಿಲ್ಲ, ನನಗೆಂತ ಆಗಿದೆ ಎನ್ನುತ್ತ ಸೀಟಿಗೆ ಅಂಟಿಕೊಳ್ಳುತ್ತಾಳೆ. ಅಕ್ಕ, ನನ್ನ ಮಾತ್ರೆ ಮುಗಿದಿದೆ, ಇಲ್ಲಿ ಸ್ವಲ್ಪ ಇಳಿಯಬೇಕು, ಎಂದರೆ ಇಳಿಯುತ್ತಾಳೆ. ಮಾತು ಹೋಗಿದೆ, ಊಟ ಹೋಗಿದೆ, ನಿದ್ದೆ ಹೋಗಿದೆ, ಅದು ಹೋಗಿಲ್ಲ, ತನ್ನನ್ನು ಒಬ್ಬಳನ್ನೇ ಆ ಕೋಣೆಗೆ ಬಿಡಲು ಅವಳಿಂದ ಈಗಲೂ ಆಗುವುದಿಲ್ಲ, ಕಾಲು ಎಳೆದುಕೊಂಡಾದರೂ ಬರುತ್ತಾಳೆ. ಬಂದು ಕಿಟಕಿಯ ಬದಿಯ ಸ್ಟೂಲಿಗೆ ಹೋಗುವಳು, ಅಭ್ಯಾಸದಂತೆ. ಅಷ್ಟರಲ್ಲಿ ತಾನು ಹೋಗಿ ಅದರಲ್ಲಿ ಕುಳಿತುಬಿಡಬೇಕು. ಏನೂ ಹೇಳುವುದು ಬೇಡ, ಒಂದು ಸ್ಟೂಲು ಮಾತ್ರ ಖಾಲಿ ಇರುತ್ತದೆ, ಡಾಕ್ಟರ್ ಇಬ್ಬರನ್ನೂ ನೋಡುತ್ತಾರೆ, ಅವರಿಗೆ ಅಷ್ಟು ಸಾಕು. ಅಡ್ಮಿಟ್ ಎಂದರೆ ಅಡ್ಮಿಟ್. ಕಾಮಾಲೆ ಬಿಚ್ಚಿಹೋದರೆ ಹೋಗಲಿ, ಆ ಮಾತನ್ನು ಕೊಟ್ಟದ್ದು ನರ್ಮದಕ್ಕ ಸಾಯುವ ತನಕ ಅಲ್ಲವಾ, ಆ ಮಾತು ಉಳಿಸಲೆಂದು ಅವಳು ಸಾಯಬಾರದಲ್ಲ.

ಅಕ್ಕಾ, ಎಂದು ಕರೆದಳು, ಬೆನ್ನು ಅಲುಗಿತು, ನರ್ಮದಕ್ಕ ಮುಖ ತಿರುಗಿಸಿ ಇವಳನ್ನು ನೋಡಿದಳು, ಇವಳ ಕೈಯಲ್ಲಿದ್ದ ಸೀರೆಯನ್ನು ನೋಡಿದಳು. ಎಂತ, ಎಂದಳು ನರ್ಮದಕ್ಕ. ಏನಿಲ್ಲ, ಬಸಳೆ ಕೊಟ್ಟಿದ್ದಾರೆ ಬಾಯಿ, ಎಂದಳು ಕುಶಲಾ. ಸೀರೆಯನ್ನು ಹಿಂಡಿ ಹಗ್ಗಕ್ಕೆ ಹಾಕಬೇಕು, ಟವೆಲು ಹಾಗೇ ಇರಲಿ, ಬಕೀಟನ್ನು ತೆಂಗಿನ ಬುಡಕ್ಕೆ ಚೆಲ್ಲಬೇಕು, ಹೊರಡಬೇಕು, ಸೀರೆಯನ್ನು ಇನ್ನೊಮ್ಮೆ ಅದ್ದಿದಳು, ಇನ್ನೂ ಬರುತ್ತಿದೆ, ಮಡಿಕೆಯಿಂದ ನೂಲಿನ ಹಾಗೆ ಇಳಿದು ಇಳಿದು ತಳಕ್ಕೆ, ಬೂದು, ನುಣ್ಣಗೆ, ಒಂದು ಮುಷ್ಟಿಯಷ್ಟು, ಬಕೀಟನ್ನು ಎತ್ತಲು ಬಗ್ಗಿದವಳು ಹಾಗೆಯೇ ನಿಂತಳು, ತಿಳಿನೀರು, ಅದರ ಅಡಿಯಲ್ಲಿ ಮರಳು, ಸೊಂಟದ ಎತ್ತರದ ಮರಳು —